ಭಾವನ ಕೈ, ನಾಯಕರ ಕೋಟು

ನಮ್ಮ ಭಾವನನ್ನು ನೀವು ನೋಡಿರುತ್ತೀರಿ. ಮುಖವನ್ನಲ್ಲ, ಕೈಗಳನ್ನು. ಸಿನಿಮಾ ಮಂದಿರದಲ್ಲಿ ಮುಖ್ಯ ಚಿತ್ರ ಶುರುವಾಗುವ ಮೊದಲು, ನೀವು ಕತ್ತಲಲ್ಲಿ ತಡಕಾಡಿ ಸೀಟು ಹುಡುಕುವ ಹೊತ್ತಿಗೆ, ಹತ್ತು ನಿಮಿಷದ ಒಂದು ಸಾಕ್ಷ್ಯಚಿತ್ರ ಹಾಕುತ್ತಿದ್ದರಲ್ಲ? ಅದರಲ್ಲಿ ನಮ್ಮ ನಾಯಕರು ಕಾರ್ಮಿಕರ ಮಧ್ಯೆ ಕೂತು ಬೂಟು ಹೊಲಿಯುತ್ತಿದ್ದರು, ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದರು, ಕೆಟ್ಟ ಬೀಗ ಬಿಚ್ಚಿ ಸರಿ ಮಾಡುತ್ತಿದ್ದರು. ನಗುವ ಮುಖ ನಾಯಕರದು. ಕೆಲಸ ಮಾಡುವ ಕೈ ನಮ್ಮ ಭಾವನದು. ಮಣಿಕಟ್ಟಿನಿಂದ ಮೊಣಕೈವರೆಗಿನ ಕೋಟಿನ ತೋಳು ಮಾತ್ರ ನನ್ನದು, ಅಂದರೆ ನಾನು ಹೊಲಿದದ್ದು.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಹೇಳಿದವರು ನಮ್ಮ ಮನೆಗೆ ಬಂದಿರಲಿಲ್ಲ. ನಮ್ಮಲ್ಲಿ ಕೆಸರು ಒಬ್ಬರಿಗೆ, ಮೊಸರು ಇನ್ನೊಬ್ಬರಿಗೆ.

ಭಾವ ಸರ್ಕಾರದ ಸಾಕ್ಷ್ಯಚಿತ್ರ ಘಟಕದಲ್ಲಿ ಮೆಕ್ಯಾನಿಕ್. ಕ್ಯಾಮೆರಾ ಕೆಟ್ಟರೆ, ಪ್ರೊಜೆಕ್ಟರ್ ಕಚ್ಚಿಕೊಂಡರೆ, ನಿರ್ದೇಶಕರ ಮೇಜಿನ ಡ್ರಾಯರ್ ತೆಗೆಯಲು ಬರದಿದ್ದರೆ, ಎಲ್ಲದಕ್ಕೂ ಅವರೇ. ಸಂಸಾರವೆಂದರೆ ಭಾವ, ನರ್ಸ್ ಕೆಲಸದ ನಮ್ಮ ಅಕ್ಕ, ಆರು ವರ್ಷದ ಪುಟ್ಟಿ, ಭಾವನ ತಾಯಿ, ಮತ್ತು ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡ ನಾನು. ನಾನು ನಾದಿನಿ, ಭಾವನನ್ನು ಗೇಲಿ ಮಾಡುವ ಹಕ್ಕು ನನಗೆ ಹುಟ್ಟಿನಿಂದಲೇ ಬಂದದ್ದು, ಅದನ್ನು ಒಂದು ದಿನವೂ ಸುಮ್ಮನೆ ಬಿಟ್ಟವಳಲ್ಲ.

ಕೈ ಎರವಲು ಕೊಡುವ ಈ ಉದ್ಯೋಗ ಶುರುವಾದದ್ದು ಹೀಗೆ. ನಾಯಕರಿಗೆ ಸಾಕ್ಷ್ಯಚಿತ್ರದ ಹುಚ್ಚು. ಬೇರೆ ಮುಖಂಡರು ಭಾಷಣ ಮಾಡುವ ಚಿತ್ರ ತೆಗೆಸಿಕೊಂಡರೆ ಇವರಿಗೆ ಜನರ ಜೊತೆ ಕೂತು ದುಡಿಯುವ ಚಿತ್ರವೇ ಆಗಬೇಕು. ಆದರೆ ಹುಟ್ಟಿದಾರಭ್ಯ ಪೆನ್ನಿಗಿಂತ ಭಾರದ್ದೇನನ್ನೂ ಎತ್ತಿದವರಲ್ಲ. ಮೊದಲನೆಯ ಚಿತ್ರದಲ್ಲಿ ಒಂದು ನಟ್ಟು ಬಿಗಿಯಬೇಕಿತ್ತು. ಹದಿನಾಲ್ಕು ಸಲ ಕ್ಯಾಮೆರಾ ತಿರುಗಿತು, ನಟ್ಟು ಹದಿನಾಲ್ಕು ಸಲ ಕೆಳಗೆ ಬಿತ್ತು. ಕೊನೆಗೆ ನಿರ್ದೇಶಕರು ನಾಯಕರನ್ನು ಕಾರು ಹತ್ತಿಸಿ, ಬೆವರು ಒರೆಸಿಕೊಂಡು, ಮೂಲೆಯಲ್ಲಿದ್ದ ಭಾವನನ್ನು ಕರೆದರು.

“ಏನಯ್ಯಾ, ನಿನ್ನ ಕೈ ತೋರಿಸು. ಉಗುರು ಸ್ವಚ್ಛ ಇದೆಯಾ?”

ಅಷ್ಟೇ ಸಂದರ್ಶನ. ಅಂದಿನಿಂದ ದೂರದ ಚಿತ್ರದಲ್ಲಿ ಮೇಜಿನ ಮೇಲೆ ಬಗ್ಗಿದ ನಾಯಕರು, ಹತ್ತಿರದ ಚಿತ್ರದಲ್ಲಿ ಬರೀ ಕೈ, ಅದು ಭಾವನದು. ಈ ವಿಷಯ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ನಿರ್ದೇಶಕರು ಭಾವನಿಂದ ಮಾತು ತೆಗೆದುಕೊಂಡರು. ನನಗೆ ಗೊತ್ತಾದದ್ದು ತೋಳಿನಿಂದಾಗಿ. ಭಾವ ನಾಯಕರ ಬೂದು ಕೋಟಿನ ಬಟ್ಟೆಯನ್ನೇ ತಂದು, ಮೊಣಕೈವರೆಗಿನ ಎರಡು ತೋಳು ಹೊಲಿದು, ಮೇಲ್ತುದಿಗೆ ಎಲಾಸ್ಟಿಕ್ ಹಾಕಿಕೊಡು ಅಂದರು. “ಕೋಟಿನ ಮಿಕ್ಕ ಭಾಗ ಎಲ್ಲಿ ಭಾವ, ಇಲಿ ತಿಂತಾ?” ಎಂದು ಬೆನ್ನುಬಿದ್ದೆ. ಒಂದು ವಾರ ತಡೆದರು, ಆಮೇಲೆ ಹೇಳಿಬಿಟ್ಟರು. ಅಕ್ಕನಿಗೂ ಗೊತ್ತಾಯಿತು. ಗೊತ್ತಿಲ್ಲದೆ ಉಳಿದವರು ಅವರ ತಾಯಿಯೊಬ್ಬರೇ.

ಇನ್ನು ಆ ತಾಯಿಯ ಕಥೆ. ಮೂವತ್ತೈದು ವರ್ಷ ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಕಾಪಿ ಬರೆಸಿ ಅಕ್ಷರ ದುಂಡಗೆ ಮಾಡಿದವರು. ಊರೆಲ್ಲ ಅವರನ್ನು ಕರೆಯುವುದೇ ಕಾಪಿ ಟೀಚರ್ ಎಂದು. ಬೀದಿಯಲ್ಲಿ ಹೋಗುವಾಗ ಅಂಗಡಿ ಬೋರ್ಡಿನ ಅಕ್ಷರ ಸೊಟ್ಟಗಿದ್ದರೆ ಒಳಗೆ ಹೋಗಿ ಮಾಲೀಕನಿಗೆ ಬೈದು ಬರುತ್ತಾರೆ. ಅವರ ಪ್ರಕಾರ ದೇವರು ಮನುಷ್ಯನಿಗೆ ಬಲಗೈ ಕೊಟ್ಟದ್ದು ಬರೆಯಲು, ಎಡಗೈ ಕೊಟ್ಟದ್ದು ಪುಸ್ತಕ ಅಲ್ಲಾಡದಂತೆ ಹಿಡಿದುಕೊಳ್ಳಲು. ಅಂಥವರ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬನೇ ಮಗ ಎಡಚ!

ಹೊಡೆದರು. ಮರದ ಸ್ಕೇಲು ಎರಡು ತುಂಡಾಗುವವರೆಗೆ ಹೊಡೆದರು; ಇದನ್ನು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಎಡಗೈಯನ್ನು ಚೀಲದಲ್ಲಿ ಕಟ್ಟಿ ಕೂರಿಸಿದರು. ಕೊನೆಗೆ ಭಾವ ಬಲಗೈಯಲ್ಲಿ ಬರೆಯಲು ಕಲಿತರು, ಆದರೆ ಆ ಬರಹ ಓದಲು ಅವರನ್ನೇ ಕರೆಯಬೇಕು, ಅವರೂ ಒಮ್ಮೊಮ್ಮೆ ಸೋಲುತ್ತಾರೆ. ಘಟಕದಲ್ಲಿ ಎಲ್ಲ ಕೆಲಸವೂ ಎಡಗೈಯಲ್ಲಿ. ಮನೆಗೆ ಬಂದು ತಾಯಿಯ ಮುಂದೆ ಸ್ಕ್ರೂಡ್ರೈವರ್ ಹಿಡಿದರೆ ಬಲಗೈ. ಆ ಕೈಗೆ ನಲ್ಲಿಯ ವಾಷರ್ ಬದಲಿಸಲೂ ಬಾರದು. ನಲವತ್ತನಾಲ್ಕು ವರ್ಷದ ಗಂಡಸು ಅಮ್ಮನ ಕಣ್ಣು ತಪ್ಪಿಸಿ ಎಡಗೈ ಬಳಸುವುದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ನಾನಂತೂ ನಗುತ್ತಿದ್ದೆ.

“ಹಾಗಾದ್ರೆ ಪರದೆಯ ಮೇಲೆ ನಾಯಕರು ಎಡಚರಾಗಿ ಕಾಣಲಿಲ್ವಾ?” ಎಂದು ನೀವು ಕೇಳುತ್ತೀರಿ. ಅಲ್ಲಿರುವುದೇ ಘಟಕದ ಗುಟ್ಟು. ಭಾವ ಎಡಗೈಯಲ್ಲೇ ಕೆಲಸ ಮಾಡುತ್ತಿದ್ದರು. ಪ್ರಿಂಟ್ ಹಾಕುವಾಗ ಆ ಫಿಲ್ಮ್ ತುಂಡನ್ನು ಮಗುಚಿ ಹಾಕುತ್ತಿದ್ದರು. ಆಗ ಕನ್ನಡಿಯಲ್ಲಿ ಕಂಡಂತೆ ಎಡ ಬಲವಾಗುತ್ತದೆ. ಒಂದೇ ಷರತ್ತು: ಆ ಚೌಕಟ್ಟಿನೊಳಗೆ ಅಕ್ಷರ ಇರಬಾರದು, ಅಂಕಿ ಇರಬಾರದು. ಇದ್ದರೆ ಅವೂ ತಿರುಗುಮುರುಗಾಗಿ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಗಮನಿಸಿ ನೋಡಿ, ನಾಯಕರು ರಟ್ಟು ಕಟ್ಟಿದ ಪುಸ್ತಕಗಳಲ್ಲಿ ಒಂದರ ಮೇಲೂ ಹೆಸರಿಲ್ಲ.

ಇನ್ನು ತಮಾಷೆ ಕೇಳಿ. ಕಾಪಿ ಟೀಚರಿಗೆ ಜಗತ್ತಿನಲ್ಲಿ ನಂಬಿಕೆಯಿದ್ದ ಒಬ್ಬನೇ ಮನುಷ್ಯ ಈ ನಾಯಕರು. ಅದೂ ಆ ಕೈಗಳಿಂದಾಗಿ. ಹೊಸ ಸಾಕ್ಷ್ಯಚಿತ್ರ ಬಂದರೆ ಮುಂದಿನ ಸಾಲಿನಲ್ಲಿ ಅವರು, ಪಕ್ಕದಲ್ಲಿ ತಲೆ ತಗ್ಗಿಸಿದ ಭಾವ. “ನೋಡೋ ಆ ಕೈ! ಎಷ್ಟು ನಯ, ಎಷ್ಟು ಹದ! ಅಷ್ಟು ದೊಡ್ಡ ಮನುಷ್ಯರಿಗೆ ಬರೋ ಕೆಲಸ ನಿನಗೆ ಬರಲ್ಲ. ನಮ್ಮ ನಲ್ಲಿ ಇನ್ನೂ ಸೋರ್ತಿದೆ” ಎಂದು ಮೊಣಕೈಯಿಂದ ತಿವಿಯುತ್ತಿದ್ದರು. ಭಾವ “ಹೂಂ ಅಮ್ಮ” ಅನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದನ್ನು ಕೇಳಿದ್ದೇನೆ; ಆದರೆ ತನ್ನ ಹಿತ್ತಲ ಗಿಡದ ಸೊಪ್ಪನ್ನೇ ಪಕ್ಕದ ಮನೆಯದೆಂದು ತಂದು, ಕಣ್ಣಿಗೊತ್ತಿಕೊಂಡು, ಹಿತ್ತಲಿಗೆ ಬೈಯುವವರನ್ನು ಇವರೊಬ್ಬರನ್ನೇ ನೋಡಿದ್ದು.

ಭಾವನಿಗೆ ಇದರಿಂದ ಬೇಸರವಿರಲಿಲ್ಲ ಎಂದಲ್ಲ. ಒಮ್ಮೆ ನನ್ನ ಕೋಣೆಯ ಸ್ಟೂಲಿನ ಮೇಲೆ ಕೂತು, “ಹೊಗಳಿಕೆ ನನ್ನ ಕಿವಿಗೇ ಬೀಳುತ್ತಲ್ಲ, ವಿಳಾಸ ಬೇರೆಯವರದಾದರೇನಂತೆ” ಅಂದರು. ಅಂದವರು ಕೆಳಗೆ ಬಿದ್ದಿದ್ದ ಬೂದು ಬಟ್ಟೆಯ ಚೂರೊಂದನ್ನು ಎತ್ತಿ ಎಡಗೈಗೆ ಸುತ್ತುತ್ತ, ಬಿಚ್ಚುತ್ತ ಕೂತರು.

ಹೀಗೇ ಸಾಗುತ್ತಿತ್ತೇನೋ. ಆದರೆ ಆ ವರ್ಷ ಪುಟ್ಟಿ ಶಾಲೆಗೆ ಸೇರಿದಳು, ಪೆನ್ಸಿಲ್ ಹಿಡಿದಳು, ಹಿಡಿದದ್ದು ಎಡಗೈಯಲ್ಲಿ.

ಕಾಪಿ ಟೀಚರ್ ಮುಖ ನೋಡಬೇಕಿತ್ತು. ಬಿಟ್ಟ ಯುದ್ಧ ಮತ್ತೆ ಸಿಕ್ಕಿದ ಸೇನಾಪತಿಯ ಕಳೆ! ಈಗ ವಯಸ್ಸಾಗಿತ್ತು, ಹೊಡೆಯಲಿಲ್ಲ. ಮೊಮ್ಮಗಳೆಂದರೆ ಪ್ರಾಣ ಬೇರೆ. ಭಾವನ ಹಳೆಯ ಕಾಲುಚೀಲವೊಂದನ್ನು ಮಗುವಿನ ಎಡಗೈಗೆ ತೊಡಿಸಿ, ಮಣಿಕಟ್ಟಿಗೆ ಲಾಡಿ ಕಟ್ಟಿ, ಗಂಟು ಹಾಕಿದರು. ಶಾಲೆಯಿಂದ ಬಂದ ಕೂಡಲೆ ಕಟ್ಟಿದರೆ ಮಲಗುವಾಗ ಬಿಚ್ಚುವುದು. ಆ ಲಾಡಿ ನನ್ನ ಅಂಗಡಿಯದೇ. ಯಾಕೆಂದು ಕೇಳದೆ ಒಂದು ಗಜ ಕತ್ತರಿಸಿ ಕೊಟ್ಟವಳು ನಾನು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮೊದಲು ಪುಟ್ಟಿ ಅತ್ತಳು. ಆಮೇಲೆ ಅಳು ನಿಂತಿತು, ಅದು ಇನ್ನೂ ಕೆಟ್ಟದ್ದಾಯಿತು. ಗೋಡೆಯಲ್ಲೆಲ್ಲ ಬೆಕ್ಕು, ಬಸ್ಸು ಬರೆಯುತ್ತಿದ್ದ ಹುಡುಗಿ ಬರೆಯುವುದನ್ನೇ ಬಿಟ್ಟಳು. ಮಾತಾಡುವಾಗ ಮೊದಲಕ್ಷರಕ್ಕೆ ತಡವರಿಸತೊಡಗಿದಳು. “ಚಿ-ಚಿ-ಚಿಕ್ಕಮ್ಮ” ಅಂದಾಗ ಹೊಲಿಗೆ ಯಂತ್ರ ನಿಲ್ಲಿಸಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅಕ್ಕ ಅತ್ತೆಯ ಜೊತೆ ಜಗಳಕ್ಕೇ ನಿಂತಳು. ಭಾವ ಕೂಡ ಅಂದು ಜೀವಮಾನದಲ್ಲಿ ಮೊದಲ ಸಲ ತಾಯಿಗೆ ಎದುರಾಗಿ ಬಾಯಿ ತೆರೆದರು.

“ಅಮ್ಮ, ಬಿಟ್ಟುಬಿಡು. ಕೈ ಯಾವುದಾದ್ರೇನು?”

“ನೀನೂ ಹೀಗೇ ಅಳ್ತಿದ್ದೆ. ತಿದ್ದಲಿಲ್ವಾ ನಾನು?”

“ತಿದ್ದಿದ್ದಕ್ಕೇ ಹೇಳ್ತಿರೋದು.”

“ಏನು ಹೇಳ್ತಿರೋದು? ಎಡಗೈಲಿ ಬರೆದು ದೊಡ್ಡವರಾದೋರು ಒಬ್ಬರನ್ನ ತೋರಿಸು, ನಾನೇ ಗಂಟು ಬಿಚ್ತೀನಿ. ನಮ್ಮ ನಾಯಕರನ್ನ ನೋಡು, ಆ ಬಲಗೈ ನೋಡು!”

ಭಾವ ತಾಯಿಯ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ನೆಟ್ಟಗೆ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

“ಮುಂದಿನ ಚಿತ್ರ ಗಡಿಯಾರ ರಿಪೇರಿಯವರ ಮೇಲೆ,” ಅಂದರು.

“ಅದಕ್ಕೆ?”

“ಗಡಿಯಾರದಲ್ಲಿ ಅಂಕಿ ಇರುತ್ತೆ.”

ನನಗೆ ಅರ್ಥವಾಗಲು ಅರೆಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. “ಭಾವ, ಕೆಲಸ ಹೋಗುತ್ತೆ ನೋಡಿ!”

“ಹೋಗಬಹುದು. ತೋಳು ನಾಳಿದ್ದಿಗೆ ಬೇಕು. ಎಡಗೈದು ಚೆನ್ನಾಗಿ ಹೊಲಿ, ಈ ಸಲ ಜನ ಅದನ್ನೇ ನೋಡೋದು.”

ಗಡಿಯಾರದ ಮುಖ ಕಾಣಿಸದಂತೆ ಹಿಂಬದಿಯ ಹಲ್ಲುಗಾಲಿ ಮಾತ್ರ ತೆಗೆಯಬೇಕು ಎಂದು ನಿರ್ದೇಶಕರು ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಆದರೆ ಅಂದು ಅವರಿಗೆ ಹಲ್ಲುನೋವು. ಒಂದು ಕೆನ್ನೆ ಬನ್ನಿನಂತೆ ಊದಿ, ನಾಯಕರ ನಗುವ ಮುಖವನ್ನು ಹೇಗೋ ತೆಗೆದು ಮುಗಿಸಿ, ಕೈಯ ಚಿತ್ರಗಳನ್ನು ಕ್ಯಾಮೆರಾದವನ ಪಾಲಿಗೆ ಬಿಟ್ಟು ದಂತವೈದ್ಯರಲ್ಲಿಗೆ ಓಡಿದರು. ಭಾವ ಮೇಜಿನ ಮೇಲೆ, ತಮ್ಮ ಕೈಗೆ ತಾಗುವಷ್ಟು ಹತ್ತಿರ, ಊಟದ ತಟ್ಟೆಯಷ್ಟಗಲದ ಗಡಿಯಾರ ತಂದಿಟ್ಟರು. ಹನ್ನೆರಡೂ ಅಂಕಿ ದಪ್ಪಗೆ, ಸೆಕೆಂಡ್ ಮುಳ್ಳು ಕೆಂಪಗೆ.

“ಇದ್ಯಾಕೆ ಇಲ್ಲಿ?” ಅಂದನಂತೆ ಕ್ಯಾಮೆರಾದವನು.

“ಗಡಿಯಾರದ ಚಿತ್ರದಲ್ಲಿ ಒಂದಾದ್ರೂ ಗಡಿಯಾರ ಬೇಡ್ವಾ ಮಾರಾಯ?”

ಮಾತು ಸರಿಯೆನಿಸಿ ಅವನು ತೆಗೆದ. ಎಲ್ಲ ಚಿತ್ರದಲ್ಲೂ ಗಡಿಯಾರ, ಎಲ್ಲ ಚಿತ್ರದಲ್ಲೂ ಎಡಗೈ.

ಆರನೆಯ ದಿನ ನಿರ್ದೇಶಕರು ನಮ್ಮ ಮನೆಗೇ ಬಂದರು. ಒಳಗೆ ಕಾಪಿ ಟೀಚರ್ ಇದ್ದುದರಿಂದ ನನ್ನ ಹೊಲಿಗೆ ಕೋಣೆಯಲ್ಲಿ ನಿಂತು ಪಿಸುದನಿಯಲ್ಲೇ ಕಿರುಚಾಡಿದರು. ಪಿಸುದನಿಯಲ್ಲಿ ಕಿರುಚುವುದು ಎಷ್ಟು ಕಷ್ಟ ಅಂತ ಅಂದೇ ನೋಡಿದ್ದು. ಕತ್ತಿನ ನರವೆಲ್ಲ ಉಬ್ಬಿದ್ದವು.

“ಮನೆಹಾಳ, ಏನು ಮಾಡಿಟ್ಟಿದ್ದೀಯೋ? ಮಗುಚಿ ಹಾಕಿದ್ರೆ ಮುಳ್ಳು ಹಿಂದಕ್ಕೆ ತಿರುಗುತ್ತೆ! ನಾಯಕರ ಘೋಷಣೆ ಏನು? ‘ನಾಡು ಮುಂದಕ್ಕೆ’! ಅವರು ರಿಪೇರಿ ಮಾಡಿದ ಗಡಿಯಾರ ಹಿಂದಕ್ಕೆ ಓಡಿದ್ರೆ ನನ್ನ ಗತಿಯೇನು?”

“ಹಾಗಿದ್ರೆ ಮಗುಚಬೇಡಿ ಸಾರ್,” ಅಂದರು ಭಾವ, ತಣ್ಣಗೆ.

“ನಾಯಕರು ಎಡಚರಾಗ್ತಾರಲ್ಲೋ!”

ಮತ್ತೆ ತೆಗೆಯಲು ಸಮಯವಿರಲಿಲ್ಲ, ಮೊದಲ ಪ್ರದರ್ಶನಕ್ಕೆ ನಾಯಕರೇ ಬರುವ ದಿನ ಗೊತ್ತಾಗಿತ್ತು. ಕೈ ಕತ್ತರಿಸಿ ತೆಗೆದರೆ ಚಿತ್ರದಲ್ಲಿ ಉಳಿಯುವುದು ನಾಯಕರು ಮೇಜು ನೋಡಿ ನಗುವುದೊಂದೇ. ಕೊನೆಗೆ ನಿರ್ದೇಶಕರು ನನ್ನ ಸ್ಟೂಲಿನ ಮೇಲೆ ಕುಸಿದು, “ಹಾಳಾಗಿ ಹೋಗಲಿ, ಸಾಕ್ಷ್ಯಚಿತ್ರ ಯಾರು ಕಣ್ಣಿಟ್ಟು ನೋಡ್ತಾರೆ!” ಅಂದರು. ಒಳಕೋಣೆಯಲ್ಲಿ ಕನ್ನಡಕ ಒರೆಸುತ್ತ ಕೂತವರು ಹಾಗೆ ನೋಡುವವರೆಂದು ಅವರಿಗೆ ಗೊತ್ತಿರಲಿಲ್ಲ.

ಪ್ರದರ್ಶನದ ದಿನ ಭಾವ ಹಿಂದೆ ಪ್ರೊಜೆಕ್ಟರ್ ಪಕ್ಕ ನಿಂತಿದ್ದರು. ನಾನು, ಅಕ್ಕ, ಪುಟ್ಟಿ, ಕಾಪಿ ಟೀಚರ್ ಎರಡನೆಯ ಸಾಲಿನಲ್ಲಿ. ನಮ್ಮ ಮುಂದೆಯೇ ನಾಯಕರ ಬೂದು ಕೋಟು, ಪೂರ್ತಿ ಕೋಟು. ದೀಪ ಆರಿತು. ನಾಯಕರು ನಕ್ಕರು, ಬಗ್ಗಿದರು. ಪರದೆಯ ತುಂಬ ಕೈ ಬಂತು. ಚಿಮಟಿಗೆ ಹಿಡಿದ ಎಡಗೈ ಅಕ್ಕಿಕಾಳಿಗಿಂತ ಸಣ್ಣ ಹಲ್ಲುಗಾಲಿಯನ್ನು ಎತ್ತಿ, ಅದರ ಜಾಗದಲ್ಲಿ ಕೂರಿಸಿ, ಬೆರಳ ತುದಿಯಿಂದ ತಟ್ಟಿತು. ಪಕ್ಕದಲ್ಲಿ ಕೆಂಪು ಮುಳ್ಳು ಮುಂದಕ್ಕೇ ಓಡುತ್ತಿತ್ತು. ಕಾಪಿ ಟೀಚರ್ ಸೀಟಿನ ತುದಿಗೆ ಬಂದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

ದೀಪ ಹತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕೈ ಯಾವುದೆಂದು ಒಬ್ಬರೂ ಗಮನಿಸಿದಂತಿರಲಿಲ್ಲ. ನಿರ್ದೇಶಕರ ಮುಖಕ್ಕೆ ರಕ್ತ ವಾಪಸು ಬರುತ್ತಿತ್ತು. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಕಾಪಿ ಟೀಚರ್ ಎದ್ದು ನಿಂತರು.

“ಸ್ವಾಮಿ, ಒಂದು ಪ್ರಶ್ನೆ. ತಾವು ಎಡಚರಾ?”

ನಾಯಕರು ಕುತ್ತಿಗೆ ತಿರುಗಿಸಿ ಇವರನ್ನು ನೋಡಿದರು, ನಿರ್ದೇಶಕರನ್ನು ನೋಡಿದರು, ಆಮೇಲೆ ಹಿಂದೆ ನಿಂತ ಭಾವನನ್ನು ನೋಡಿದರು. ಕೈ ಯಾರದೆಂದು ಅವರಿಗೆ ಗೊತ್ತಿಲ್ಲವೇ? ಅಕ್ಕ ನನ್ನ ಮೊಣಕೈ ಹಿಸುಕುತ್ತಿದ್ದಳು. ಇವರು “ಇಲ್ಲ” ಅಂದರೆ ಭಾವನ ಕೆಲಸವೂ ಹೋಯಿತು, ಮಗುವಿನ ಕೈಗೆ ಇನ್ನೆರಡು ಗಂಟು ಬಿತ್ತು.

ಆದರೆ ನಾಯಕರು ಹೇಳಿಕೇಳಿ ರಾಜಕಾರಣಿ. ಚಪ್ಪಾಳೆ ಬಿದ್ದ ಯಾವುದನ್ನೂ ತನ್ನದಲ್ಲವೆಂದು ಹೇಳಿದವರಲ್ಲ.

“ಹುಟ್ಟಿನಿಂದ, ತಾಯಿ.”

“ಮತ್ತೆ ಹಿಂದಿನ ಚಿತ್ರಗಳಲ್ಲೆಲ್ಲ ಬಲಗೈ?”

“ಅದು... ಎರಡೂ ನಡೆಯುತ್ತೆ. ಸೂಕ್ಷ್ಮ ಕೆಲಸಕ್ಕೆ ಮಾತ್ರ ಎಡಗೈ.”

“ನಿಮ್ಮ ತಾಯಿ ತಿದ್ದಲಿಲ್ವಾ ಸ್ವಾಮಿ?”

ನಾಯಕರಿಗೆ ಈಗ ಹುರುಪು ಬಂದಿತ್ತು. ಎದ್ದು ನಿಂತು ಕೋಟು ಸರಿಮಾಡಿಕೊಂಡರು. “ತಿದ್ದಲು ಬಂದವರಿಗೆ ನನ್ನ ತಾಯಿ ಒಂದೇ ಮಾತು ಹೇಳಿದರು. ಮಗುವಿನ ಕೈ ಕಟ್ಟುವುದೂ ಒಂದೇ, ನಾಡಿನ ಕೈ ಕಟ್ಟುವುದೂ ಒಂದೇ!”

ಚಪ್ಪಾಳೆಗೆ ಛಾವಣಿ ಹಾರಿಹೋಗುವುದೊಂದು ಬಾಕಿ. ಆ ಮಹಾತಾಯಿ ಹಾಗೆ ಹೇಳಿದ್ದರೋ ಇಲ್ಲವೋ ದೇವರೇ ಬಲ್ಲ. ಬಾಗಿಲಲ್ಲಿ ಅತಿಥಿಗಳ ಪುಸ್ತಕ ಇಟ್ಟಿದ್ದರು. ಎಲ್ಲರೂ ನೋಡುತ್ತಿದ್ದುದರಿಂದ ನಾಯಕರು ಎಡಗೈಯಲ್ಲೇ ಸಹಿ ಮಾಡಬೇಕಾಯಿತು. ಕೋಳಿ ಕೆದಕಿದಂತಿತ್ತು. ಅಲ್ಲಿಂದಾಚೆ ಅವರು ಎಲ್ಲ ಕಡತಕ್ಕೂ ಹಾಗೇ ಸಹಿ ಹಾಕುತ್ತಾರಂತೆ, ಅದು ಸಹಿಯೋ ಶಾಯಿ ಚೆಲ್ಲಿದ್ದೋ ಎಂದು ಕಚೇರಿಗಳಲ್ಲಿ ಇವತ್ತಿಗೂ ಚರ್ಚೆಯಿದೆ.

ಕಾಪಿ ಟೀಚರ್ ಮನೆಗೆ ಬಂದವರೇ ಕಪಾಟಿನಿಂದ ಕಾಲುಚೀಲ, ಲಾಡಿ ತೆಗೆದು ನನ್ನ ಕೈಗೆ ಕೊಟ್ಟು, “ಎಸೆದುಬಿಡು” ಅಂದರು. ಪುಟ್ಟಿಯನ್ನು ಮೇಜಿನ ಮುಂದೆ ಕೂರಿಸಿ, ಕಾಪಿ ಪುಸ್ತಕ ಬಿಡಿಸಿ, ಪೆನ್ಸಿಲನ್ನು ತಾವೇ ಅವಳ ಎಡಗೈಗೆ ಇಟ್ಟರು. ಹುಡುಗಿ ಅಜ್ಜಿಯ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ನಿಜವೆಂದು ಖಾತ್ರಿಯಾದ ಮೇಲೆ ಅಕ್ಷರ ಬಿಟ್ಟು ಬಸ್ಸು ಬರೆಯತೊಡಗಿದಳು.

ಆಮೇಲೆ ಕಾಪಿ ಟೀಚರ್ ಮಗನ ಕಡೆ ತಿರುಗಿದರು.

“ಅವರಮ್ಮ ತಿದ್ದಲಿಲ್ಲ, ಅವರು ಅಷ್ಟು ದೊಡ್ಡೋರಾದ್ರು. ನಾನು ತಿದ್ದಿದೆ, ನೀನು ಕೈಲಾಗದೋನಾದೆ. ತಪ್ಪು ನಂದೇ ಕಣೋ.”

ನನಗೆ ತಡೆಯಲಾಗಲಿಲ್ಲ. ಕೈಲಾಗದವನಂತೆ! “ಅತ್ತೆ, ಆ ಕೈ...” ಎಂದು ಬಾಯಿ ತೆರೆದೇಬಿಟ್ಟೆ. ಭಾವ ನನ್ನನ್ನು ನೋಡಿದರು. ಬೈಯುವ ನೋಟವಲ್ಲ, ಬೇಡುವ ನೋಟ. ಆಗ ನನ್ನ ಮಂದ ತಲೆಗೆ ಹೊಳೆಯಿತು. ಗಂಟು ಬಿಚ್ಚಿದ್ದು ನಾಯಕರ ಕೈ. ಅದು ತನ್ನ ಮಗನ ಕೈ ಎಂದು ತಿಳಿದರೆ ಈ ಹೆಂಗಸು ಇಂದೇ ಹೊಸ ಲಾಡಿ ಕೇಳುತ್ತಾರೆ. ಒಂದು ಮಾತಿನಿಂದ ಭಾವ ತಾಯಿಯ ಕಣ್ಣಿನಲ್ಲಿ ರಾಜನಾಗಬಹುದಿತ್ತು. ಮಗಳಿಗಾಗಿ ಆ ಮಾತನ್ನು ನುಂಗಿಕೊಂಡು ಕೂತಿದ್ದರು. ನನಗೆ ಅವರ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. “ಆ ಕೈ ಬಹಳ ಚೆನ್ನಾಗಿತ್ತು ಅಂದೆ” ಎಂದು ಮಾತು ಮುಗಿಸಿದೆ.

“ಚೆನ್ನಾಗಿಲ್ದೆ ಏನು? ಲೋ, ನೀನೂ ಕೂತ್ಕೋ. ತಡವಾಯ್ತು, ಆದ್ರೂ ಇವತ್ತಿಂದ ಎಡಗೈ ಅಭ್ಯಾಸ ಮಾಡು. ಮೊದಮೊದಲು ಕಷ್ಟ ಆಗುತ್ತೆ, ಬೇಜಾರು ಮಾಡ್ಕೋಬೇಡ.”

“ಆಗಲಿ ಅಮ್ಮ,” ಎಂದು ಭಾವ ಮಗಳ ಪಕ್ಕ ಕೂತರು. ಕಾಪಿ ಟೀಚರ್ ಪುಟದ ಮೇಲ್ಸಾಲಿನಲ್ಲಿ ಒಂದು ವಾಕ್ಯ ಬರೆದುಕೊಟ್ಟರು. ಭಾವ ಎಡಗೈಯಲ್ಲಿ ಪೆನ್ಸಿಲ್ ಹಿಡಿದರು. ಆ ಮನೆಯಲ್ಲಿ, ಆ ತಾಯಿಯ ಎದುರಿಗೆ, ಮೂವತ್ತೆಂಟು ವರ್ಷದ ನಂತರ. ಬೇಕೆಂದೇ ಸೊಟ್ಟಗೆ ಬರೆದು ನಾಟಕವಾಡಬೇಕೆಂದಿದ್ದರಂತೆ. ಕೈ ಕೇಳಲಿಲ್ಲ. ಮೊದಲ ಅಕ್ಷರ ದುಂಡಗೆ ಬಂತು, ಎರಡನೆಯದು ಅದಕ್ಕಿಂತ ದುಂಡಗೆ. ಸಾಲು ಮುಗಿಯುವ ಹೊತ್ತಿಗೆ ಮೇಲಿನದು ಟೀಚರದ್ದೋ ಕೆಳಗಿನದು ಟೀಚರದ್ದೋ ಎಂದು ಹೇಳಲಾಗುತ್ತಿರಲಿಲ್ಲ.

ಕಾಪಿ ಟೀಚರ್ ಪುಸ್ತಕ ಎತ್ತಿ ಕಣ್ಣಿನ ಹತ್ತಿರ ಹಿಡಿದರು.

“ಇದು ನನ್ನ ಅಕ್ಷರ,” ಅಂದರು. “ನನ್ನ ಅಕ್ಷರ ನಿನ್ನ ಕೈಲಿ ಇತ್ತಲ್ಲೋ. ನಾನೇ ಹೊಡೆದು ಓಡಿಸಿಬಿಟ್ನಲ್ಲೋ ಮಗನೇ.”

“ಎಲ್ಲಿಗೂ ಓಡಿರಲಿಲ್ಲಮ್ಮ,” ಅಂದರು ಭಾವ. “ಇಲ್ಲೇ ಇತ್ತು.”

ಅವರು ಮಗನ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಗಟ್ಟಿಯಾಗಿ ಅತ್ತರು. ಭಾವನೂ ಅತ್ತರು. ಪುಟ್ಟಿ ಮಾತ್ರ ತನ್ನ ಬಸ್ಸಿಗೆ ನಾಲ್ಕನೆಯ ಚಕ್ರ ಹಾಕುತ್ತ, ಒಮ್ಮೆಯೂ ತಡವರಿಸದೆ, “ಅಜ್ಜಿ, ಅಪ್ಪ ನನ್ನ ಪುಸ್ತಕದಲ್ಲಿ ಬರೆದ, ಅವನಿಗೆ ಬೇರೆ ಕೊಡು” ಅಂದಳು.